ಕೂಲರಿನ ಹಿಂದೆ ಸುಟ್ಟ ಮೆಣಸಿನಕಾಯಿ

ಮುಚ್ಚಿದ ಕೋಣೆಯೊಳಗೆ ಹೋಗಿ ನಿಂತು, ಇಲ್ಲಿ ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರ ಮೂಗಿಗೆ ಎಷ್ಟು ಸುಲಭವಾಗಿ ಸೇರುತ್ತದೆ, ಅದರ ಜೊತೆ ವೈರಸ್ಸು ಸೇರುವ ಅಪಾಯ ಎಷ್ಟು ಎಂದು ಅಂದಾಜು ಮಾಡಿ ಹೇಳುವುದು ನನ್ನ ನೌಕರಿಯ ಕೊನೆಯ ವರ್ಷಗಳ ಕೆಲಸವಾಗಿತ್ತು. ಹೀಗೊಂದು ಕೆಲಸವಿದೆ, ಅದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದು ನನ್ನ ಹೆಂಡತಿಯೇ ಬಹಳ ದಿನ ನಂಬಿರಲಿಲ್ಲ. ಈಗ ಇದಕ್ಕೆ ಹೊಸಬರು ಬರುತ್ತಿದ್ದಾರೆ. ಅವರ ಕೈಯಲ್ಲಿ ಒಳ್ಳೆಯ ಯಂತ್ರಗಳಿವೆ, ತಲೆಯಲ್ಲಿ ಒಳ್ಳೆಯ ಸೂತ್ರಗಳಿವೆ. ಅವರಲ್ಲಿ ಇಬ್ಬರು ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಎಂದರು. ತಪ್ಪುಗಳನ್ನು ಬಹಳ ಕಾಲ ಇಟ್ಟುಕೊಂಡರೆ ಅವಕ್ಕೆ ಅನುಭವ ಎಂಬ ಹೆಸರು ಬರುತ್ತದೆಂದು ಕಾಣುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಂಥ ಗೌರವವಿಲ್ಲ. ನಮ್ಮ ಜೀಪು ಓಡಿಸುತ್ತಿದ್ದ ಖಾದರ್ ಈಗ ರಾಯದುರ್ಗದಲ್ಲಿದ್ದಾನೆ. ಫೋನಿನಲ್ಲಿ ಹಳೆಯ ಮಾತು ತೆಗೆದರೆ, ನಾನು ಒಂದು ಊರಿನ ಹೆಸರು ಹೇಳುತ್ತೇನೆ, ಅವನು ಇನ್ನೊಂದು ಹೇಳುತ್ತಾನೆ. ಆ ದಿನ ಬಿಸಿಲಿತ್ತು ಎಂದರೆ ಮಳೆ ಇತ್ತು ಎನ್ನುತ್ತಾನೆ. ಮಳೆಯೇ ಅಪರೂಪವಾದ ರಾಯದುರ್ಗದಲ್ಲಿ ಅದು ಬಂದಿದ್ದರೆ ಯಾರಿಗಾದರೂ ನೆನಪಿರಲೇಬೇಕು ಎಂಬ ಕಾರಣಕ್ಕೆ ಆ ಒಂದು ವಿಷಯದಲ್ಲಿ ಮಾತ್ರ ಅವನನ್ನು ನಂಬುತ್ತೇನೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದವು, ತಡವಾಗಿ ಬಂದವು. ನಾನು ಬರೆಯಬೇಕೆಂದಿರುವುದು ನಿಜವಾಗಿ ಒಂದೇ ಪ್ರಕರಣ. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡೊಂದರಲ್ಲಿ ಗಂಗಮ್ಮ ಎಂಬ ಹೆಂಗಸಿನ ಹೊಲಿಗೆ ಯಂತ್ರ ಒಳಗೆ ಸಾಲಿನಲ್ಲಿ ಇರಬೇಕೋ, ಹೊರಗೆ ಅಂಗಳದಲ್ಲಿ ಇರಬೇಕೋ ಎಂಬುದು. ಕೇಳಿದರೆ ಸಣ್ಣದಾಗಿ ಕಾಣುತ್ತದೆ. ಗಂಗಮ್ಮನಿಗೆ ಅದು ಸಣ್ಣದಾಗಿರಲಿಲ್ಲ. ಆದರೆ ಅದಕ್ಕೆ ಮೊದಲು ನಮ್ಮ ಇಲಾಖೆ ಗಾಳಿಯನ್ನು ಎಷ್ಟರಮಟ್ಟಿಗೆ ಅರ್ಥಮಾಡಿಕೊಂಡಿತ್ತು ಎಂಬುದನ್ನು ಹೇಳದಿದ್ದರೆ ಮುಂದಿನದು ಸುಳ್ಳೆನಿಸಬಹುದು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಗಾಳಿ. ಕೋಣೆಯೊಳಗಿನ ಗಾಳಿಯಲ್ಲಿ ತೇಲುವ ಸೂಕ್ಷ್ಮಜೀವಿಗಳ ಮೇಲೆ ಪ್ರಬಂಧ ಬರೆದು ಎಂ.ಎಸ್ಸಿ. ಪಡೆದವನಿಗೆ ಇಲಾಖೆ ನೀರು ಕೊಟ್ಟಿತು. ಸರ್ವಿಸಿನ ಬಹುಭಾಗ ಮಡಕಶಿರಾ, ಅಮರಾಪುರ, ಗುಮ್ಮಘಟ್ಟದ ಕಡೆಯ ನೀರಿನ ಟ್ಯಾಂಕುಗಳನ್ನು ಹತ್ತಿ ಇಳಿದೆ. ಬಾಟಲಿಯಲ್ಲಿ ನೀರು ತಂದು ಪರೀಕ್ಷಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ ಎಂದು ನಾನು ಬರೆಯುವುದು, ಹಾಕಿಸಿದ್ದೇವೆ ಎಂದು ಅವರು ಬರೆಯುವುದು, ಮತ್ತೆ ಹೋಗಿ ನೋಡಿದರೆ ಪೌಡರಿನ ಚೀಲ ಪಂಚಾಯಿತಿ ಕಚೇರಿಯ ಬಾಗಿಲು ಹಾಕಿಕೊಳ್ಳದಂತೆ ಒತ್ತಾಗಿ ನಿಂತಿರುವುದು. ಕೊರೊನಾ ಬಂದಾಗ, ಗಾಳಿ ಓದಿದವನೊಬ್ಬ ಇಲಾಖೆಯಲ್ಲೇ ಇದ್ದಾನೆ ಎಂದು ಯಾರೋ ಕಂಡುಹಿಡಿದರು. ಆಗ ನನಗೆ ನಿವೃತ್ತಿ ಹತ್ತಿರ ಬಂದಿತ್ತು. ಓದಿದ್ದರಲ್ಲಿ ಅರ್ಧ ಮರೆತಿದ್ದೆ, ಉಳಿದರ್ಧ ತಪ್ಪೆಂದು ಈ ನಡುವೆ ತೀರ್ಮಾನವಾಗಿತ್ತು.

ನಮ್ಮ ಮೇಲಧಿಕಾರಿಯನ್ನು ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಅವರು ವಾಸನೆಯಲ್ಲಿ ನಂಬಿಕೆ ಇಟ್ಟವರು. ಫಿನಾಯಿಲ್ ಮೂಗಿಗೆ ಹೊಡೆದರೆ ಆ ಜಾಗ ಸುರಕ್ಷಿತ, ಹೊಡೆಯದಿದ್ದರೆ ಅಪಾಯ. ಬೆಂಗಳೂರಿನ ಗಾರ್ಮೆಂಟ್ಸ್ ಮುಚ್ಚಿ ನಮ್ಮ ಕಡೆಯ ಜನ ಊರಿಗೆ ಮರಳುತ್ತಿದ್ದ ದಿನಗಳವು. ಬಾಡಿಗೆ ವ್ಯಾನುಗಳಲ್ಲಿ, ಚೆಕ್‌ಪೋಸ್ಟಿನವರಿಗೆ ಕಾಣದಿರಲೆಂದು ಗಾಜು ಏರಿಸಿ ಪರದೆ ಎಳೆದು, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಬರುತ್ತಿದ್ದರು. ನಮ್ಮವರು ಆ ವ್ಯಾನು ನಿಲ್ಲಿಸಿ ಅದರ ಚಕ್ರಗಳಿಗೆ ಔಷಧಿ ನೀರು ಸಿಂಪಡಿಸಿ ಮುಂದಕ್ಕೆ ಬಿಡುತ್ತಿದ್ದರು. ವೈರಸ್ಸು ಬೆಂಗಳೂರಿನಿಂದ ರಸ್ತೆಯ ಮೇಲೆ ಉರುಳಿಕೊಂಡು ಬರುತ್ತದೆ ಎಂದು ನಾವು ತಿಳಿದಂತಿತ್ತು. ಕಿಟಕಿ ತೆಗೆಸಿ ಎಂದು ನಾನು ಒಂದು ಸಲ ಹೇಳಿದ್ದಕ್ಕೆ, ಗಾಜು ಇಳಿಸಿದರೆ ವೈರಸ್ಸು ನಮ್ಮ ಮೇಲೆ ಬರುವುದಿಲ್ಲವೇ ಎಂದು ಅಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಗಾಳಿಯ ವಿಷಯ ಅವರಿಗೆ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ. ಒಳಗಿದ್ದವರ ಪರವಾಗಿ ಗೊತ್ತಿರಲಿಲ್ಲ, ಅಷ್ಟೆ.

ಫಿನಾಯಿಲಿನ ಕಾಲ ಮುಗಿದು ಬಿಳಿ ವೃತ್ತಗಳ ಕಾಲ ಬಂತು. ಅಂಗಡಿಗಳ ಮುಂದೆ, ಬಟಾಬಯಲಿನಲ್ಲಿ, ಆ ಕಡೆಯ ಗಾಳಿ ತಲೆಯ ಟೋಪಿ ಹಾರಿಸಿಕೊಂಡು ಹೋಗುವಲ್ಲಿ, ಜನರನ್ನು ವೃತ್ತದಲ್ಲಿ ನಿಲ್ಲಿಸಿದೆವು. ಒಳಗೆ ಬಂದ ಮೇಲೆ ವೃತ್ತವಿರಲಿಲ್ಲ. ಅದರ ನಂತರ ಹಣೆಗೆ ಹಿಡಿಯುವ ಥರ್ಮಾಮೀಟರಿನ ಕಾಲ. ಮಡಕಶಿರಾದ ಒಂದು ಕಲ್ಯಾಣ ಮಂಟಪಕ್ಕೆ ತಪಾಸಣೆಗೆ ಹೋದದ್ದು ಆಗಲೇ ಇರಬೇಕು. ಬಾಗಿಲಲ್ಲಿ ಒಬ್ಬ ಬಂದವರ ಹಣೆಗೆ ಬಂದೂಕಿನಂತೆ ಅದನ್ನು ಹಿಡಿದು ಒಳಗೆ ಬಿಡುತ್ತಿದ್ದ. ಒಳಗೆ ಎಸಿ. ಕಿಟಕಿಗಳಿಗೆ ಬೀಗ ಹಾಕಿ, ಬಿರುಕುಗಳಿಗೆ ಟೇಪು ಅಂಟಿಸಿದ್ದರು. ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಓಲಗದವನು ಕೆನ್ನೆ ಉಬ್ಬಿಸಿ ಊದುತ್ತಿದ್ದ. ಆ ಕೋಣೆಯಲ್ಲಿ ಅತಿ ಹೆಚ್ಚು ಉಸಿರು ಹೊರಗೆ ಹಾಕುತ್ತಿದ್ದವನು ಅವನು, ಮಾಸ್ಕಿನಿಂದ ವಿನಾಯಿತಿ ಪಡೆದವನೂ ಅವನೊಬ್ಬನೇ.

ಹುಡುಗಿಯ ಸೋದರಮಾವ ಅಮರಾಪುರದವರು, ಎಲ್ಲದರ ಉಸ್ತುವಾರಿ ಅವರದೇ. ಕಿಟಕಿ ತೆಗೆಸಿ ಎಂದೆ.

"ಅದೆಂಗೆ ಸಾರ್ ತೆಗಿಯೋದು? ಲಗ್ನಪತ್ರಿಕೆಲಿ ಎಸಿ ಹಾಲ್ ಅಂತ ಹಾಕ್ಸಿವ್ನಿ. ಬೀಗ್ರು ಸಿರಾದಿಂದ ಬಂದವ್ರೆ. ಕಿಟಕಿ ತೆಗೆದ್ರೆ ಎಸಿ ಕೆಟ್ಟೈತೆ ಅಂತ ತಿಳ್ಕಳಲ್ವ?"

"ಬೀಗರಿಗೆ ಕಾಯಿಲೆ ಹತ್ತಿದ್ರೆ ಏನು ತಿಳ್ಕೊಂತಾರೆ?"

"ಎಲ್ಲಾರ್ದೂ ಹಣೆ ನೋಡೇ ಒಳಕ್ಕೆ ಬಿಟ್ಟಿರೋದು ಸಾರ್. ಬಿಸಿ ಇದ್ದೋರ್ನ ವಾಪಸ್ ಕಳಿಸಿದೀವಿ. ಅವ್ರೂ ಅಂತಾ ಬೇಕಾದೋರೇನಲ್ಲ ಬಿಡಿ."

ಊಟ ಮಾಡಿಕೊಂಡೇ ಹೋಗಬೇಕೆಂದು ಒತ್ತಾಯ ಮಾಡಿದರು. ನಾನು ಹೊರಗೆ ಪೆಂಡಾಲಿನಲ್ಲಿ ಕೂತು ಉಂಡೆ. ಖಾದರ್ ಒಳಗೆ ಎಸಿಯಲ್ಲಿ ಉಂಡ. ಕಾಯಿಲೆ ಬಂದದ್ದು ನನಗೆ. ಈ ವಿಷಯವನ್ನು ಅವನು ಇಂದಿಗೂ ನನ್ನ ಇಡೀ ಶಾಸ್ತ್ರಕ್ಕೆ ಉತ್ತರವಾಗಿ ಬಳಸುತ್ತಾನೆ. ಅದೇ ವಾರ ನಾನು ಸಾಹೇಬರ ಜೊತೆ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ ಕೂತಿದ್ದೆ ಎಂದರೆ, ಅದು ಇನ್ನೊಂದು ತಿಂಗಳು ಎನ್ನುತ್ತಾನೆ.

ಆ ಮೀಟಿಂಗು ಮಾತ್ರ ನನಗೆ ಸರಿಯಾಗಿ ನೆನಪಿದೆ, ಅಥವಾ ಹಾಗೆಂದುಕೊಂಡಿದ್ದೇನೆ. ಅಷ್ಟರಲ್ಲಿ ಕಚೇರಿಗೆ ಒಂದು ಮೀಟರು ಬಂದಿತ್ತು. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಏರುತ್ತಾ ಹೋದರೆ, ನಾವು ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂದರ್ಥ. ಮಿತಿ ದಾಟಿದರೆ ಮೀಟರು ಕೂಗಿಕೊಳ್ಳುತ್ತದೆ. ಇಷ್ಟೇ ಅದರ ವಿದ್ಯೆ. ಗುಮ್ಮಘಟ್ಟದ ಕಡೆ ಓಡುವ, ನಾಲ್ಕೂ ಕಡೆ ಬಯಲಾದ ಶೇರ್ ಆಟೋಗಳನ್ನು ಹೇಗೆ ನಿಲ್ಲಿಸಬೇಕು ಎಂದು ಚರ್ಚಿಸಲು ಜಿಲ್ಲೆಯ ಎಲ್ಲರನ್ನೂ ಒಂದು ಸಣ್ಣ ಹಾಲಿನಲ್ಲಿ ಕೂಡಿಸಿ ಬಾಗಿಲು ಹಾಕಿದ್ದರು. ನಾನು ಮೀಟರನ್ನು ಮೇಜಿನ ಮೇಲೆ ಇಟ್ಟೆ, ತೋರಿಸಲೆಂದು. ಸಾಹೇಬರು ಆಟೋಗಳ ಅಪಾಯದ ಬಗ್ಗೆ ಎರಡನೆಯ ಮಾತು ಶುರುಮಾಡುವಷ್ಟರಲ್ಲಿ ಅದು ಕೂಗತೊಡಗಿತು. ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ನಾನು ಎದ್ದು ವಿವರಿಸಿದೆ. ಸಾಹೇಬರು ಗಂಭೀರವಾಗಿ ಕೇಳಿಸಿಕೊಂಡು, ತಮ್ಮ ತೆಲುಗಿನಲ್ಲಿ "ಏಮಯ್ಯಾ, ದಾನಿ ನೋರು ಮುಯ್ಯಿ" ಎಂದರು. ಅದರ ಬಾಯಿ ಮುಚ್ಚು ಎಂದು. ಮುಚ್ಚಿಸಿದೆ. ಬಾಗಿಲು ಹಾಗೇ ಮುಚ್ಚಿತ್ತು, ಚರ್ಚೆ ಮುಂದುವರಿಯಿತು. ನನ್ನ ಸರ್ವಿಸಿನಲ್ಲಿ ನಾನು ಕಂಡ ಅತ್ಯಂತ ಅಪಾಯಕಾರಿ ಕೋಣೆ ಯಾವುದು ಎಂದು ಹೊಸಬರು ಕೇಳುತ್ತಾರೆ. ಅದೇ.

ಇನ್ನು ಗಂಗಮ್ಮನ ವಿಷಯ.

ಬೆಂಗಳೂರಿನಿಂದ ಮರಳಿದ ಹೆಂಗಸರಿಗೆ ರಾಯದುರ್ಗದಲ್ಲಿ ಒಂದು ಅನುಕೂಲವಿತ್ತು. ಅಲ್ಲಿ ಮನೆಗೊಂದು ಬೀದಿಗೊಂದು ಜೀನ್ಸ್ ಹೊಲಿಯುವ ಶೆಡ್ಡುಗಳು. ಗಂಗಮ್ಮ ಗುಮ್ಮಘಟ್ಟದ ಕಡೆಯವಳು, ಕುರಿ ಸಾಕುವ ಮನೆತನದವಳು, ಎಷ್ಟೋ ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಬಟ್ಟೆಯ ನವಿರು ಧೂಳು ಕುಡಿದು ಕೆಮ್ಮು ಹಚ್ಚಿಕೊಂಡಿದ್ದಳು. ವಿರೂಪಾಕ್ಷಪ್ಪ ಎನ್ನುವವರ ಶೆಡ್ಡಿನಲ್ಲಿ ಅವಳಿಗೆ ಸಾಲಿನ ಕೊನೆಯ ಜಾಗ ಸಿಕ್ಕಿತ್ತು. ಆ ಕೆಲಸ ಕೈಯಿಂದ ಕೈಗೆ ಸಾಗುವಂಥದ್ದು. ಒಬ್ಬಳು ಜೇಬು ಹೊಲಿದು ಪಕ್ಕದವಳ ಕಡೆ ತಳ್ಳುತ್ತಾಳೆ, ಅವಳು ಜಿಪ್ಪು ಕೂರಿಸುತ್ತಾಳೆ, ಮುಂದಿನವಳು ಕಾಲು ಜೋಡಿಸುತ್ತಾಳೆ, ಕೊನೆಗೆ ಸೊಂಟದ ಪಟ್ಟಿ. ಆ ಪಟ್ಟಿ ಗಂಗಮ್ಮನದು. ಸಾಲಿನಲ್ಲಿ ಜಾಗವಿದ್ದರೆ ಕೆಲಸ, ಇಲ್ಲದಿದ್ದರೆ ಹೊರಗೆ ಕೂತು ದಾರದ ತುದಿ ಕತ್ತರಿಸುವುದು.

ಒಂದು ವಾರ ಆ ಸಾಲಿನ ಹೆಂಗಸರಲ್ಲಿ ಬಹುಪಾಲು ಜನ ಒಬ್ಬರ ಹಿಂದೆ ಒಬ್ಬರು ಜ್ವರ ಹಿಡಿದು ಮಲಗಿದರು. ಅವರೆಲ್ಲ ಎದ್ದರು. ಆದರೆ ಜಿಪ್ಪು ಕೂರಿಸುವ ಶಾಂತಮ್ಮನ ಮನೆಯಲ್ಲಿ ಅವಳ ಅತ್ತೆ ಮಲಗಿದವರು ಏಳಲಿಲ್ಲ. ಶೆಡ್ಡಿನಲ್ಲಿ ಮೊದಲಿನಿಂದ ಕೆಮ್ಮುತ್ತಿದ್ದವಳು ಒಬ್ಬಳೇ. ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಂಗಮ್ಮನಿಗೆ ಎರಡು ಸಲ ಪರೀಕ್ಷೆ ಮಾಡಿ ಎರಡು ಸಲವೂ ಏನಿಲ್ಲ ಎಂದು ಬಂದಿತ್ತು. ಪರೀಕ್ಷೆ ಮಾಡಿದ್ದು ನಾವು, ಆದ್ದರಿಂದ ಅದನ್ನು ಯಾರೂ ನಂಬಲಿಲ್ಲ. ಅವಳ ಯಂತ್ರವನ್ನು ಎತ್ತಿ ಅಂಗಳದ ತಗಡಿನ ಮಾಡಿನ ಕೆಳಗೆ ಇಟ್ಟರು. ಅಲ್ಲಿ ವೈರು ಮುಟ್ಟುತ್ತಿರಲಿಲ್ಲ, ಅಂದರೆ ಯಂತ್ರ ಇದ್ದೂ ಇಲ್ಲದಂತೆ.

ಸಾಹೇಬರಿಗೆ ದೂರು ಹೋಯಿತು. ನನ್ನನ್ನು ಕರೆದು, "ಎವರು ತೆಚ್ಚಾರೋ ಪೇರು ರಾಯಿ, ಚಾಲು" ಎಂದರು. ಯಾರು ತಂದರೋ ಅವರ ಹೆಸರು ಬರೆ, ಸಾಕು. ನಾನು ಅಳೆಯುವುದು ಕೋಣೆಯನ್ನು, ವ್ಯಕ್ತಿಯನ್ನಲ್ಲ ಎಂದೆ. ಕೋಣೆಗೆ ನೋಟೀಸು ಕೊಡಲಾಗುತ್ತದೆಯೇ ಎಂದು ಕೇಳಿದರು. ಆಡಳಿತದ ದೃಷ್ಟಿಯಿಂದ ಅವರ ಮಾತು ಸರಿ.

ನಾವು ಹೋದದ್ದು ಆಷಾಢದ ಗಾಳಿಯಲ್ಲಿ. ಹೋದದ್ದು ಜೀಪಿನಲ್ಲಿ ಎಂದು ನನ್ನ ನೆನಪು. ಜೀಪು ಕೆಟ್ಟು ಆಟೋದಲ್ಲಿ ಹೋದೆವು ಎಂದು ಖಾದರ್. ಶೆಡ್ಡು ಉದ್ದನೆಯದು, ಮೇಲೆ ತಗಡು. ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿಗಳು ಸಾಲಾಗಿ ಇದ್ದವು. ಪ್ರತಿಯೊಂದಕ್ಕೂ ಜೀನ್ಸ್ ಬಟ್ಟೆಯ ಚೂರುಗಳನ್ನು ಗಟ್ಟಿಯಾಗಿ ತುರುಕಿದ್ದರು. ಸೀಸೆಗೆ ಬಿರಡೆ ಹಾಕಿದಂತೆ.

"ಯಾಕೆ ಮುಚ್ಚಿದೀರ ಇವನ್ನ?"

"ಧೂಳ ಬರ್ತೈತ್ರಿ ಸಾಹೇಬ್ರ," ಎಂದರು ವಿರೂಪಾಕ್ಷಪ್ಪ. ಹಣೆಯಲ್ಲಿ ವಿಭೂತಿ, ಗಲ್ಲದ ಮೇಲೆ ಮಾಸ್ಕು. "ಜೇಬಿನ ಬಟ್ಟಿ ಬಿಳೇದ್ರಿ. ಈ ಗಾಳ್ಯಾಗ ಕಿಂಡಿ ತೆಗದ್ವಿ ಅಂದ್ರ ಸಂಜಿಕ ಎಲ್ಲಾ ಕೆಂಪ. ಮಾಲು ತಿರುಗಿ ಬರ್ತೈತಿ."

"ಕೂಲರ್ ಯಾಕೆ ಒಳಗೆ ಇಟ್ಟಿದೀರ? ಅದು ಕಿಟಕಿಗೆ ಹೊರಗಿನಿಂದ ಇಡೋದಲ್ವಾ?"

"ಹೊರಗ ಇಟ್ರ ಮೋಟರ್ ಬಿಚ್ಕೊಂಡ್ ಹೋಗ್ತಾರ್ರಿ."

ಹೀಗೆ ಪ್ರತಿಯೊಂದಕ್ಕೂ ಅಲ್ಲಿ ಒಂದು ಸರಿಯಾದ ಕಾರಣವಿತ್ತು. ಎಲ್ಲ ಸರಿಯಾದ ಕಾರಣಗಳು ಸೇರಿ ಒಂದು ಡಬ್ಬಿಯಾಗಿತ್ತು. ಡಬ್ಬಿಯ ಒಂದು ತುದಿಯಲ್ಲಿ ಕಟಿಂಗ್ ಮೇಜು. ಅಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಮೇಲೆ ಫ್ಯಾನು ತಿರುಗಿದರೆ ಪದರ ಏಳುತ್ತದೆಂದು ಕಟಿಂಗ್ ಮಾಸ್ಟರು ಫ್ಯಾನು ತೆಗೆಸಿದ್ದ. ಕೂಲರಿನ ಬೆನ್ನು ಅವನ ಮೇಜಿನ ಕಡೆ, ಮುಖ ಹೆಂಗಸರ ಸಾಲಿನ ಕಡೆ. ಕೂಲರು ಬೆನ್ನಿನಿಂದ ಎಳೆದುಕೊಂಡು ಮುಖದಿಂದ ಊದುತ್ತದೆ. ಮಾಸ್ಟರು ಎಂದರೆ ತಿಪ್ಪೇಸ್ವಾಮಿ, ವಿರೂಪಾಕ್ಷಪ್ಪನವರ ಹೆಂಡತಿಯ ತಮ್ಮ. ಹೆಂಗಸರು ಮಲಗುವ ಸ್ವಲ್ಪ ಮೊದಲು ಬೆಂಗಳೂರಿಗೆ ಹೋಗಿ ಬಂದಿದ್ದ. ಜ್ವರವಿಲ್ಲ, ಕೆಮ್ಮಿಲ್ಲ, ಆದ್ದರಿಂದ ಪರೀಕ್ಷೆಯೂ ಇಲ್ಲ. ಯಂತ್ರಗಳ ಸದ್ದಿನ ಮೇಲೆ ಕೇಳಿಸಲೆಂದು ಬೆಳಗಿನಿಂದ ಸಂಜೆವರೆಗೆ ಕೂಗಿ ಮಾತಾಡುತ್ತಿದ್ದ. ಯಂತ್ರಗಳು ನಿಂತಾಗಲೂ ಹಾಗೇ.

ಇಷ್ಟು ನೋಡಿದಾಗಲೇ ನನಗೆ ಅಂದಾಜು ಸಿಕ್ಕಿತ್ತು. ಆದರೆ ಅಂದಾಜನ್ನು ಅವರ ಮುಂದೆ ತೋರಿಸಬೇಕಲ್ಲ. ಮೀಟರು ಕೋಣೆ ಕೆಟ್ಟಿದೆ ಎನ್ನುತ್ತದೆ, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಹಳೆಯ ವಿಧಾನ ಊದಿನಕಡ್ಡಿ. ಕಡ್ಡಿ ಹಚ್ಚಿ ಯಂತ್ರದಿಂದ ಯಂತ್ರಕ್ಕೆ ನಡೆದೆ. ಇಬ್ಬರು ಹೆಂಗಸರು ಎದ್ದು ನಿಂತು ಕೈ ಮುಗಿದರು. ವಿರೂಪಾಕ್ಷಪ್ಪನವರು ಚಪ್ಪಲಿ ಬಿಟ್ಟರು.

"ಮಂಗಳಾರತಿ ಯಾವಾಗ್ರಿ ಸಾರ್?" ಎಂದು ಯಾರೋ ಕೇಳಿ, ಸಾಲಿನಲ್ಲಿ ನಗು ಹರಿಯಿತು.

ಕೂಲರಿನ ಹಿಂದೆ ಕಡ್ಡಿ ಹಿಡಿದಾಗ ಹೊಗೆ ಒಳಗೆ ಹೋಯಿತು, ಮುಂದೆ ಹರಡಿ ಕಾಣದಾಯಿತು. ಹಾಗಾದರೆ ವಾಸನೆಯಿಂದ ಹಿಡಿಯೋಣ ಎಂದು, ಮೂಗಿಗೆ ಬಂದವರು ಕೈ ಎತ್ತಿ ಎಂದೆ. ಕೂಲರಿನ ನೇರಕ್ಕೆ ಕೂತವರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಪಕ್ಕಕ್ಕೆ, ದೂರಕ್ಕೆ ಕೂತ ಇಬ್ಬರು ಎತ್ತಿದರು. ನನಗೆ ತಲೆ ಕೆಟ್ಟಿತು. ಇಪ್ಪತ್ತು ಸೂತ್ರ ಓದಿದವನು, ಗೋಡೆಗೆ ಬಡಿದ ಗಾಳಿ ಹಿಂದಕ್ಕೆ ಮಡಚಿಕೊಂಡು ಹೀಗಾಗುತ್ತದೆ ಎಂದು ಖಾದರಿಗೆ ವಿವರಿಸಲು ಶುರುಮಾಡಿದೆ. ಬಹಳ ಚೆನ್ನಾಗಿ ವಿವರಿಸುತ್ತಿದ್ದೆ ಎಂದು ಕಾಣುತ್ತದೆ.

ಶಾಂತಮ್ಮ ಯಂತ್ರದಿಂದ ತಲೆ ಎತ್ತದೆ ಹೇಳಿದಳು. "ನಮಗ ವಾಸನಿನ ಬರಂಗಿಲ್ರಿ. ಜ್ವರ ಬಂದಾಗಿಂದ. ಸಾರಿಗೆ ಒಗ್ಗರಣಿ ಹಾಕಿದ್ರೂ ಗೊತ್ತಾಗವಲ್ದು."

ಕಾಯಿಲೆಯಾದವರ ಮೂಗು ಸತ್ತಿತ್ತು. ಇಡೀ ರಾಜ್ಯಕ್ಕೆ ಗೊತ್ತಿದ್ದ ಲಕ್ಷಣ, ನಾನೇ ಹತ್ತು ಸಭೆಗಳಲ್ಲಿ ಹೇಳಿದ್ದು. ಸತ್ತ ಮೂಗುಗಳನ್ನು ಸಾಕ್ಷಿಗೆ ಕರೆದು, ಅವು ಸುಮ್ಮನಿದ್ದದ್ದಕ್ಕೆ ಶಾಸ್ತ್ರ ಹುಡುಕುತ್ತಿದ್ದೆ. ಹೊಸಬರು ಇದನ್ನು ನೆನಪಿಡಬೇಕು. ನಮ್ಮ ಕೆಲಸದಲ್ಲಿ ತಪ್ಪಾದಾಗ ವಿವರಣೆ ಸಿಗದೇ ಹೋಗುವುದು ಅಪರೂಪ.

ಮೂಗು ಸತ್ತರೂ ಗಂಟಲು ಸತ್ತಿರಲಿಲ್ಲ. ಒಣಮೆಣಸಿನಕಾಯಿಯ ಘಾಟು ವಾಸನೆಯಲ್ಲ, ಅದು ನೇರ ಗಂಟಲಿಗೆ ತಿವಿಯುತ್ತದೆ. ಅದನ್ನು ಸುಡೋಣ ಎಂಬ ಉಪಾಯ ನನ್ನದು. ಖಾದರ್ ಅದು ತನ್ನದು ಎನ್ನುತ್ತಾನೆ. ನಾವಿಬ್ಬರೂ ಇದರ ಬಗ್ಗೆ ಈಗ ಮಾತಾಡುವುದಿಲ್ಲ. ಮೆಣಸಿನಕಾಯಿ ಬೇಕು ಎಂದಾಗ ವಿರೂಪಾಕ್ಷಪ್ಪನವರ ಮುಖ ಅರಳಿತು.

"ನಾನೂ ಅದನ್ನ ಅಂತಿದ್ದೆ ನೋಡ್ರಿ. ಶೆಡ್ಡಿಗೆ ದೃಷ್ಟಿ ಆಗೇತಿ. ಉಪ್ಪು ತರ್ಸ್ಲೇನ್ರಿ?"

ಉಪ್ಪು ಬೇಡ ಎಂದೆ. ಎಲ್ಲರನ್ನೂ 'ಆ ವಾರ' ಕೂತಿದ್ದಂತೆ ಕೂರಲು ಹೇಳಿದೆ. ಗಂಗಮ್ಮನನ್ನೂ ಒಳಗೆ ಕರೆದೆ. ಅವಳ ಹಳೆಯ ಜಾಗ ಸಾಲಿನ ಕೊನೆಗೆ, ಬಾಗಿಲಿಗೆ ಹತ್ತಿಕೊಂಡು. ಯಂತ್ರವಿಲ್ಲದ ಆ ಜಾಗದಲ್ಲಿ ಒಂದು ಸ್ಟೂಲು ಹಾಕಿಸಿದೆ. ಅವಳು ಹೊಸ್ತಿಲ ಮೇಲೆ ನಿಂತಳು.

"ನಾ ಬರಂಗಿಲ್ರಿ ಸಾರ್."

"ಯಾಕಮ್ಮ?"

"ಮೆಣಸಿನಕಾಯಿ ಸುಡ್ತೀರಿ. ಮೊದ್ಲ ನನಗ ಕೆಮ್ಮು. ನಾ ಕೆಮ್ಮಿದೆ ಅಂದ್ರ, ಸಾರ್ ಮುಂದನ ಗೊತ್ತಾತು ನೋಡು ಅಂತಾರ. ಈಗ ಅಂಗಳದಾಗ ಅದೀನಿ, ಆಮ್ಯಾಲ ಬೀದ್ಯಾಗ."

"ನಿಮ್ಮ ಹತ್ರಕ್ಕೆ ಅದು ಬರಲ್ಲ ಅಂತ ನನ್ನ ಅಂದಾಜು."

"ಅಂದಾಜು," ಎಂದಳು. ನನ್ನ ವೃತ್ತಿಯ ಬಗ್ಗೆ ಅಷ್ಟು ಕಡಿಮೆ ಮಾತಿನಲ್ಲಿ ಬೇರೆ ಯಾರೂ ಅಭಿಪ್ರಾಯ ಹೇಳಿಲ್ಲ. ಆದರೂ ಬಂದು ಕೂತಳು, ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು. ಸೆರಗು ತೆಗೀಬೇಕು, ಇಲ್ಲದಿದ್ದರೆ ಇವರು ಒಪ್ಪಲ್ಲ ಎಂದೆ. ತೆಗೆದಳು. ಸಾಲಿನವರೆಲ್ಲ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದರು.

ಕಟಿಂಗ್ ಮೇಜಿನ ಪಕ್ಕ, ಕೂಲರಿನ ಬೆನ್ನಿಗೆ, ಕಬ್ಬಿಣದ ಚಮಚದಲ್ಲಿ ಖಾದರ್ ಮೆಣಸಿನಕಾಯಿ ಸುಟ್ಟ. ತಿಪ್ಪೇಸ್ವಾಮಿ ಮೇಜಿನ ಆ ಬದಿಯಲ್ಲಿ ಆರಾಮಾಗಿ ನಿಂತಿದ್ದ. ಅವನ ಕಡೆಯಿಂದ ಗಾಳಿ ಹೋಗುತ್ತಿತ್ತೇ ಹೊರತು ಬರುತ್ತಿರಲಿಲ್ಲ. ಮೊದಲು ಜೇಬಿನವಳು ಕೆಮ್ಮಿದಳು. ಆಮೇಲೆ ಶಾಂತಮ್ಮ. ಆಮೇಲೆ ಕಾಲು ಜೋಡಿಸುವವಳು, ಅವಳ ಪಕ್ಕದವಳು. ಜೀನ್ಸು ಸಾಗುವಂತೆಯೇ ಕೆಮ್ಮು ಕೈಯಿಂದ ಕೈಗೆ ಸಾಲಿನುದ್ದಕ್ಕೂ ಸಾಗಿತು. ಬಗ್ಗಿ, ಕಣ್ಣೊರೆಸಿಕೊಂಡು, ನಮ್ಮನ್ನೂ ನಮ್ಮ ಇಲಾಖೆಯನ್ನೂ ಬಯ್ಯುತ್ತಾ ಕೆಮ್ಮಿದರು. ಕೊನೆಯ ಸ್ಟೂಲಿನ ಮೇಲೆ ಗಂಗಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲಿನ ಗಾಳಿಗೆ ಅವಳ ಮುಂಗೂದಲು ಹಾರುತ್ತಿತ್ತು. ಆ ಶೆಡ್ಡಿನಲ್ಲಿ ಆ ಹೊತ್ತು ಕೆಮ್ಮದೆ ಇದ್ದ ಹೆಂಗಸು ಅವಳು.

ಎಲ್ಲರೂ ನೀರು ಕುಡಿದ ಮೇಲೆ, ಅವಳ ಸ್ಟೂಲಿನ ಹತ್ತಿರ ಇನ್ನೊಂದು ಮೆಣಸಿನಕಾಯಿ ಸುಟ್ಟೆವು. ಹೊಗೆ ಬಾಗಿಲಿನಿಂದ ಹೊರಗೆ ಹೋಯಿತು. ಕೆಮ್ಮಿದವರು ಗಂಗಮ್ಮ ಮತ್ತು ಅಂಗಳದಲ್ಲಿ ಬೀಡಿ ಸೇದುತ್ತಿದ್ದ ಒಬ್ಬರು.

ಶಾಂತಮ್ಮ ಕೇಳಿದಳು. "ಹಂಗಾರ ನಮ್ಮತ್ತಿಗೆ ಬಂದಿದ್ದು ಈಕಿಯಿಂದ ಅಲ್ಲೇನ್ರಿ?"

ಇದಕ್ಕೆ ನಾನು ಕೊಡಬಹುದಾದ ಪ್ರಾಮಾಣಿಕ ಉತ್ತರ ಉದ್ದನೆಯದು. ಮೆಣಸಿನಕಾಯಿಯ ಹೊಗೆ ಇವತ್ತಿನ ಗಾಳಿಯ ದಾರಿ ತೋರಿಸಿತು. ಆ ವಾರ ಯಾರ ಉಸಿರಿನಲ್ಲಿ ಏನಿತ್ತು ಎಂದು ತೋರಿಸಲಿಲ್ಲ. ತಿಪ್ಪೇಸ್ವಾಮಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಅವನ ಹೆಸರು ಎತ್ತಿದರೆ ಅಂಗಳಕ್ಕೆ ಹೋಗುವವರು ಬದಲಾಗುತ್ತಿದ್ದರು, ಡಬ್ಬಿ ಡಬ್ಬಿಯಾಗಿಯೇ ಉಳಿಯುತ್ತಿತ್ತು. ಶಾಂತಮ್ಮನ ಅತ್ತೆಗೆ ಸಂತೆಯಲ್ಲಿ ಹತ್ತಿರಬಹುದು, ನೆಂಟರಿಂದ ಹತ್ತಿರಬಹುದು. ಇದನ್ನೆಲ್ಲ ನಾನು ಹೇಳತೊಡಗಿದೆ. ಕೂಲರು, ಕಿಂಡಿ, ದೂರ, ಸಾಧ್ಯತೆ. ಗಂಗಮ್ಮ ಸ್ಟೂಲಿನಿಂದ ಎದ್ದಳು.

"ಉದ್ದ ಬ್ಯಾಡ್ರಿ ಸಾರ್. ಈಕಿ ಕೇಳಾಕತ್ತಾಳ. ಹೌದೋ, ಅಲ್ಲೋ?"

ನಾನು ಏನು ಹೇಳಿದೆ ಎಂಬುದಕ್ಕೆ ಬರುವ ಮೊದಲು ಉಳಿದದ್ದನ್ನು ಮುಗಿಸುತ್ತೇನೆ. ಕೂಲರನ್ನು ಕಿಟಕಿಯ ಹೊರಗೆ ಇಡಿಸಿದೆವು, ಬೆನ್ನು ಬೀದಿಗೆ, ಮುಖ ಒಳಗೆ. ಮೋಟರು ಕಳುವಾಗದಂತೆ ಕಬ್ಬಿಣದ ಪಂಜರ. ಹೊರಗಿನ ಧೂಳು ಕೂಲರಿನ ಒದ್ದೆ ಹುಲ್ಲಿಗೆ ಅಂಟಿಕೊಳ್ಳುತ್ತಿತ್ತು, ಒಳಗೆ ಬರುವ ಗಾಳಿ ಹೊಸದು. ಎದುರು ಗೋಡೆಯ ಕಿಂಡಿಗಳ ಬಿರಡೆ ಕಿತ್ತೆವು, ಒಳಗಿನದು ಅಲ್ಲಿಂದ ಹೊರಗೆ. ಜೇಬಿನ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಇದನ್ನು ಕೂಲರ್ ಮಾರಿದವನೇ ಹೇಳಬೇಕಿತ್ತು ಎಂದು ವಿರೂಪಾಕ್ಷಪ್ಪನವರು ಅವನ ಮೇಲೆ ಸಿಟ್ಟಾದರು. ನಾನು ಸಾಹೇಬರಿಗೆ ವರದಿ ಕೊಟ್ಟೆ. ಹೆಸರಿನ ಜಾಗದಲ್ಲಿ ಕೂಲರ್ ಎಂದು ಬರೆದಿದ್ದೆ. "ಕೂಲರ್ ಪೇರಾ?" ಎಂದು ಕೇಳಿದರು. ಕೆಲವು ದಿನಗಳ ಮೇಲೆ, ಸದರಿ ಕೂಲರನ್ನು ಫಿನಾಯಿಲಿನಿಂದ ತೊಳೆಯತಕ್ಕದ್ದು ಎಂದು ಆದೇಶ ಹೊರಟಿತು.

ಗಂಗಮ್ಮನ ಯಂತ್ರ ಅದೇ ಮಧ್ಯಾಹ್ನ ಒಳಗೆ ಬಂತು. ಒಂದು ಕಡೆ ಗಂಗಮ್ಮ ಹಿಡಿದಿದ್ದಳು, ಇನ್ನೊಂದು ಕಡೆ ಶಾಂತಮ್ಮ. ಇದು ಖಂಡಿತ. ಖಾದರ್ ಕೂಡ ಒಪ್ಪುತ್ತಾನೆ.

ನನ್ನ ನೆನಪಿನ ಪ್ರಕಾರ, ಗಂಗಮ್ಮ ಹಾಗೆ ಕೇಳಿದಾಗ ನಾನು "ಸಾಧ್ಯತೆ ಬಹಳ ಕಡಿಮೆ ಅಮ್ಮ" ಎಂದೆ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಆಧಾರವಿರಲಿಲ್ಲ, ಆಧಾರವಿಲ್ಲದೆ ಮಾತಾಡುವ ಅಭ್ಯಾಸ ನನಗಿಲ್ಲ. ನಿವೃತ್ತಿಯಾಗಿ ಕೆಲಕಾಲವಾದ ಮೇಲೆ ಖಾದರನ ಮನೆಯ ಕಾರ್ಯಕ್ಕೆಂದು ರಾಯದುರ್ಗಕ್ಕೆ ಹೋದವನು ಆ ಶೆಡ್ಡಿನ ಮುಂದೆ ಹಾದೆ. ಗಂಗಮ್ಮ ಒಳಗಿನಿಂದಲೇ ಗುರುತು ಹಿಡಿದು, "ಬರ್ರಿ ಸಾರ್, ಬರ್ರಿ" ಎಂದು ಕರೆದಳು. ಸಾಲಿನಲ್ಲಿ ಮೂರು ನಾಲ್ಕು ಹೊಸ ಮುಖಗಳಿದ್ದವು. ಅವರಿಗೆ ನನ್ನನ್ನು ತೋರಿಸಿದಳು.

"ನಾ ಹೇಳ್ತಿದ್ನೆಲ್ಲ, ಅವ್ರ ಇವ್ರು. ಅವತ್ತ ಕಟಿಂಗ್ ಟೇಬಲ್ಲಿಗೆ ಕೈ ಬಡದು, 'ಈಕಿಯಿಂದ ಬಂದಿಲ್ಲ, ಮುಗೀತು' ಅಂದ್ರು."

"ನಾನು ಹಾಗಂದೆನಾ?"

"ಅಂದ್ರೆಲ್ರಿ. ಮರತ್ರೇನು?"

ಕೈ ಬಡಿಯುವವನು ನಾನಲ್ಲ. ಮುಗೀತು ಎಂಬ ಮಾತು ನನ್ನ ಬಾಯಿಂದ ನನ್ನ ಮದುವೆಯ ದಿನವೂ ಬಂದಿರಲಾರದು. ತಿದ್ದಬೇಕು ಎಂದು ಬಾಯಿ ತೆರೆದೆ. ಸಾಧ್ಯತೆ ಎಂದರೇನು, ಕಡಿಮೆ ಎಂದರೆ ಎಷ್ಟು ಎಂದು. ಸಾಲಿನ ನಡುವಿನಿಂದ ಶಾಂತಮ್ಮ, ಜಿಪ್ಪಿನ ಮೇಲಿಂದ ಕಣ್ಣು ತೆಗೆಯದೆ, "ಅಂದ್ರು" ಎಂದಳು. "ನಾ ಕೇಳೀನಿ."

ಅತ್ತೆಯನ್ನು ಕಳೆದುಕೊಂಡವಳು ಅವಳು. ಕೇಳಿಸಿಕೊಂಡೇ ಹೇಳಿದಳೋ, ಕೇಳಿಸಿಕೊಳ್ಳಬೇಕೆಂದು ತೀರ್ಮಾನಿಸಿ ಹೇಳಿದಳೋ, ಅಳೆಯುವ ಮೀಟರು ನನ್ನಲ್ಲಿರಲಿಲ್ಲ.

"ಹೌದಮ್ಮ," ಎಂದೆ. "ಅಂದಿದ್ದೆ."

ಚಹಾ ತರಿಸಿದರು. ಶಾಂತಮ್ಮ ಜಿಪ್ಪು ಮುಗಿಸಿ ಪ್ಯಾಂಟನ್ನು ಪಕ್ಕದವಳ ಕಡೆ ತಳ್ಳಿದಳು, ಅದು ಸಾಲು ದಾಟಿ ಕೊನೆಗೆ ಬಂತು, ಗಂಗಮ್ಮ ಎಳೆದುಕೊಂಡು ಸೊಂಟದ ಪಟ್ಟಿ ಕೂರಿಸತೊಡಗಿದಳು. ನಡುವೆ ಒಂದು ಸಲ ಕೆಮ್ಮಿದಳು. ಯಾರೂ ತಲೆ ಎತ್ತಲಿಲ್ಲ.